ಶಟ್ಟೆವ್ವನ ಅಂಗಳದ ಮಣ್ಣು

“ಸಾವಕಾರ್ರ, ಆ ಮುದುಕಿ ಕೈಯಾಗಿನ ಮಣ್ಣು ಬಾಯಾಗ ಹಾಕ್ಕೋಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳತೇನಿ.”

ಕಾರಿನ ಬಾಗಿಲು ತೆಗೆಯುತ್ತ ಬುರಾನಸಾಬ ಈ ಮಾತನ್ನು ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದ. ಹೊರಗೆ ಹಲಗೆ ಬಡಿಯುತ್ತಿತ್ತು. ಏಪ್ರಿಲ್ ತಿಂಗಳ ಬಿಸಿಲಿಗೆ ಹಳ್ಳದಕೊಪ್ಪದ ಓಣಿ ಕಾದ ಹಂಚಾಗಿತ್ತು. ಕಾಂತೇಶ ತನ್ನ ಡ್ರೈವರನ ಮುಖ ನೋಡಿ ನಕ್ಕ. ಅಪ್ಪನ ಕಾಲದಿಂದ ಮನೆಯ ಗಾಡಿ ಹೊಡೆದ ಈ ಮನುಷ್ಯ ಬೆವರಿದ್ದನ್ನು ಅವನು ಕಂಡಿದ್ದ, ಹೆದರಿದ್ದನ್ನು ಕಂಡಿರಲಿಲ್ಲ.

“ಹತ್ತಿ ವ್ಯಾಪಾರದಾಗ ಎಷ್ಟು ಮಣ್ಣು ನುಂಗೇನಿ ಗೊತ್ತೈತೇನು ನಿನಗ? ಒಂದು ಚಿಟಿಕಿಗೆ ಏನಾಕ್ಕೈತಿ?”

“ಅಮೋಘಸಿದ್ದಪ್ಪ ಅಂತ ಒಬ್ಬ ಗುತ್ತಿಗೆದಾರ ಇದ್ದ್ರಿ. ಅವನೂ ಹಿಂಗ ಅಂದಿದ್ದ. ಬಾವಿ ಮುಗಿಸೂತನಕ ಊರು ಬಿಡೂದಿಲ್ಲಂತ ಇದ ಅಂಗಳದಾಗ ಮಣ್ಣು ತಿಂದ. ಅರ್ಧಾ ತೋಡಿ ಓಡಿ ಹೊಂಟ. ಕಟಕೋಳದ ದಾರ್ಯಾಗ ಅವನ ಹೆಣಾ ಎತ್ತಿ ಗಾಡ್ಯಾಗ ಹಾಕಿದಾಂವ ನಾನ. ಬಾಯಿ ತುಂಬ ಮಣ್ಣು ಇತ್ರಿ. ಗಂಟಲದ ತನಕ.”

“ಬೋರಲ ಬಿದ್ದಾನ, ಮಣ್ಣು ಹೊಕ್ಕೈತಿ. ಸರಿ ಅತ್ತಾಗ,” ಎಂದು ಕಾಂತೇಶ ಕೆಳಗಿಳಿದ.

ಐವತ್ತೆರಡರ ಕಾಂತೇಶ ಇಂಥ ಮಾತುಗಳಿಗೆ ಕಿವಿಗೊಟ್ಟು ಬೆಳೆದವನಲ್ಲ. ಅಪ್ಪ ಬಿಟ್ಟುಹೋದದ್ದು ಬೈಲಹೊಂಗಲದಲ್ಲಿ ಒಂದು ಹಳೆಯ ಜಿನ್ನಿಂಗ್ ಮಿಲ್ಲು, ಮಳೆಗೆ ಸೋರುವ ಒಂದು ಗೋದಾಮು. ಅದನ್ನು ಅವನು ಎರಡು ಫ್ಯಾಕ್ಟರಿ, ಒಂದು ಎಣ್ಣೆ ಗಿರಣಿ, ಹದಿನಾರು ಲಾರಿ ಮಾಡಿದ್ದ. ಕೆಲಸಗಾರರು ಮಷೀನಿಗೆ ಕಟ್ಟಿದ ಲಿಂಬೆಹಣ್ಣು ಮೆಣಸಿನಕಾಯಿಯನ್ನು ತಾನೇ ಕಿತ್ತು ಅಡುಗೆಗೆ ಕಳಿಸುತ್ತಿದ್ದ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಮಗಳು ಉಮಾಶ್ರೀ ಓದು ಮುಗಿಸಿ ಫ್ಯಾಕ್ಟರಿಯ ಚುಕ್ಕಾಣಿ ಹಿಡಿದಿದ್ದಳು. ಹೊಸ ಮಷೀನು ನೋಡಲು ಕೊಯಮತ್ತೂರಿಗೆ, ಅರಳೆ ಮಾರಲು ಅಹಮದಾಬಾದಿಗೆ ಒಬ್ಬಳೇ ಹೋಗಿಬರುತ್ತಿದ್ದಳು. ಅವಳಿಂದಾಗಿ ಬಿಡುವು ಸಿಕ್ಕಿದ್ದಕ್ಕೆ ಅವನು ಈ ವರ್ಷ ವಿಧಾನಸಭೆ ಚುನಾವಣೆಗೆ ನಿಂತದ್ದು. ರಾಜಕೀಯಕ್ಕೆ ಹೊಸಬ. ಗೆಲ್ಲಬೇಕೆಂಬ ಹಟ ಮಾತ್ರ ಹಳೆಯದು.

ಶಟ್ಟೆವ್ವ ಅಂಗಳದಲ್ಲಿ ನಿಂತಿದ್ದಳು. ಬಿಳಿಗೂದಲಿನ, ಬಾಗಿದ ಬೆನ್ನಿನ ಮುದುಕಿ. ದನಕ್ಕೆ ಬೇನೆ ಬಂದಾಗ ಊರ ಸುತ್ತ ಮಂತ್ರದ ಗೆರೆ ಎಳೆದು ಸೀಮೆ ಕಟ್ಟುವ ಮನೆತನ ಅವಳದು. ಗಂಡ ಕಾಡಪ್ಪ ಸತ್ತ ಮೇಲೆ ಆ ಮಂತ್ರ ಅವಳೊಬ್ಬಳ ನಾಲಗೆಯಲ್ಲಿ ಉಳಿದಿತ್ತು. ಹಳ್ಳದಕೊಪ್ಪದವರು ಅವಳು ಹೇಳಿದವರಿಗೇ ಮತ ಹಾಕುತ್ತಾರೆಂದು ಆಪ್ತ ಸಹಾಯಕ ನಿಜಗುಣಪ್ಪ ಬೆಳಿಗ್ಗೆಯೇ ಹೇಳಿದ್ದ.

ಅವಳು ನೆಲಕ್ಕೆ ಬಾಗಿ ಎರೆಮಣ್ಣನ್ನು ಹಿಡಿ ತುಂಬ ಎತ್ತಿದಳು.

“ಹಳ್ಳಾ ತುಂಬಿದಾಗ ದಾಟಾಕ ಸೇತುವೆ ಇಲ್ದ ನನ್ನ ಮಗಳು ಚಕ್ಕಡ್ಯಾಗ ಹೆರಿಗಿ ಬ್ಯಾನಿ ತಿಂದು ಸತ್ತಳು. ಅಲ್ಲೇ, ಆ ದಂಡಿಮ್ಯಾಲ. ನೀವೆಲ್ಲಾ ಆಕಿ ಹೆಸರಿಲೆ ಮತಾ ಕೇಳಿದ್ರಿ. ಒಬ್ಬಾಂವ ಹೊಳ್ಳಿ ಬರಲಿಲ್ಲ. ನೀ ಏನಂತಿ ತಮ್ಮಾ?”

ಜನ ಕಾದರು. ಮೊಬೈಲುಗಳು ಮೇಲೆದ್ದವು. ಕಾಂತೇಶನಿಗೆ ಮೈ ಬಿಸಿಯಾಯಿತು.

“ಬೆಂಗಳೂರಿಗೆ ಒಮ್ಮೆ ಹೋಗಿ ಪ್ರಮಾಣವಚನ ತಗೊಂಡು ಬರತೇನಿ, ಯವ್ವಾ. ಅಲ್ಲಿಂದ ಮುಂದ ನಿಮ್ಮನ್ನ ಬಿಟ್ಟು ಒಂದು ಹೆಜ್ಜಿ ಆಚೀಗೆ ಇಡೂದಿಲ್ಲ!”

“ಯಾವ ಸೀಮಿ ಬಿಟ್ಟು?”

“ಕಿತ್ತೂರಿಂದ ರಾಮದುರ್ಗ, ಬೈಲಹೊಂಗಲದಿಂದ ಸವದತ್ತಿ. ನನ್ನ ಹತ್ತಿ ಗಾಡಿ ತಿರುಗಿದ ಸೀಮಿ ಎಲ್ಲಾ ನನ್ನ ಮನಿ.”

ಮುದುಕಿ ಅಂಗೈ ಚಾಚಿದಳು. ಕಾಂತೇಶ ಒಂದು ಚಿಟಿಕೆ ತೆಗೆದು ನಾಲಗೆಯ ಮೇಲಿಟ್ಟು ನುಂಗಿದ. ಚಪ್ಪಾಳೆ, ಸಿಳ್ಳೆ, ಹಲಗೆ. ಆ ಗದ್ದಲದಲ್ಲಿ ಶಟ್ಟೆವ್ವನ ತುಟಿ ಅಲುಗಿದ್ದನ್ನು ಬುರಾನಸಾಬನೊಬ್ಬನೇ ನೋಡಿದ.

ಕಾಂತೇಶ ಗೆದ್ದ. ಹಳ್ಳದಕೊಪ್ಪದ ಒಂದು ಮತವೂ ಬೇರೆಡೆ ಬಿದ್ದಿರಲಿಲ್ಲ. ಬೆಂಗಳೂರಿಗೆ ಹೋಗಿ ಪ್ರಮಾಣವಚನ ಸ್ವೀಕರಿಸಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು ಹೆದ್ದಾರಿಯಲ್ಲಿ ಹಿಂದಿರುಗಿದ. ಕಿತ್ತೂರು ಇನ್ನೂ ಮೂರು ಮೈಲಿ ಇರುವಾಗ ಬೆನ್ನ ಹಿಂದೆ ಯಾರೋ ಕಬ್ಬಿಣದ ಅಗಳಿ ಎಳೆದಂಥ ಸದ್ದಾಯಿತು.

“ಡಿಕ್ಕಿ ಸರಿ ಹಾಕಿಲ್ಲೇನು?”

“ಹಾಕೇನ್ರಿ,” ಎಂದ ಬುರಾನಸಾಬ. ಅವನ ದನಿ ಒಣಗಿತ್ತು. ಅವನಿಗೂ ಕೇಳಿಸಿತ್ತು.

ಜುಲೈನಲ್ಲಿ ಅಧಿವೇಶನ ಕರೆದರು. ಕಾಂತೇಶ ಮೊದಲ ಭಾಷಣವನ್ನು ಬಾಯಿಪಾಠ ಮಾಡಿಕೊಂಡು, ಹೊಸ ಬಿಳಿ ಅಂಗಿ ತೊಟ್ಟು ಹೊರಟ. ನಡು ಮಧ್ಯಾಹ್ನ. ಕಿತ್ತೂರು ದಾಟಿ ಕಾರು ಧಾರವಾಡದ ಕಡೆ ಓಡುತ್ತಿತ್ತು. ಲಾರಿಗಳ ಹಾರ್ನು, ಡೀಸೆಲ್ ಹೊಗೆ, ಡಾಂಬರಿನ ಮೇಲೆ ನಡುಗುವ ಬಿಸಿಲುಗುದುರೆ. ಭಾಷಣದ ಮೊದಲ ಸಾಲನ್ನು ಗುನುಗುತ್ತಿದ್ದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ನೆಂದ ಎರೆಭೂಮಿಯ ವಾಸನೆ. ಕೊಳೆತ ಬೇರು, ಸೆಗಣಿ, ಹಳ್ಳದ ಕೆಸರು. ಕಾರಿನ ಗಾಜು ಮುಚ್ಚಿತ್ತು. ಮಳೆ ಬಂದು ಹದಿನೈದು ದಿನವಾಗಿತ್ತು.

ನಾಲಗೆಯ ಮೇಲೆ ಏನೋ ಕರಕರ ಎಂದಿತು.

ಉಗುಳಿದ. ಕರಿ ಮಣ್ಣು. ಮತ್ತೆ ಉಗುಳಿದ. ಇನ್ನಷ್ಟು. ಒಸಡಿನಿಂದ ಒಸರಿದಂತೆ, ನಾಲಗೆಯ ಬುಡದಿಂದ ಉಕ್ಕಿದಂತೆ, ತಣ್ಣನೆಯ ಹಸಿಮಣ್ಣು ಬಾಯಿ ತುಂಬುತ್ತಿತ್ತು. ಕೂಗಲು ಹೋದ. ದನಿ ಹೊರಡಲಿಲ್ಲ. ಉಸಿರು ಎಳೆದ. ಮಣ್ಣು ಒಳಗಿಳಿಯಿತು. ಎರಡೂ ಕೈಯಿಂದ ಬುರಾನಸಾಬನ ಸೀಟು ಬಡಿದ.

ಬುರಾನಸಾಬ ಹಿಂದಿರುಗಿ ನೋಡಿದ. ಹೆದ್ದಾರಿಯ ಅಂಚಿಗೆ ತಂದು, ಹಿಂದಿನಿಂದ ಬರುವ ಲಾರಿಗಳಿಗೆ ದೀಪ ಮಿನುಗಿಸುತ್ತ ಕಾರನ್ನು ಹಿಮ್ಮುಖವಾಗಿ ಓಡಿಸಿದ. ಐವತ್ತು ಮಾರು. ನೂರು ಮಾರು. ಅಂದು ಅಗಳಿಯ ಸದ್ದು ಕೇಳಿಸಿದ್ದ ಕಡೆ ತಲುಪುತ್ತಲೇ ಗಂಟಲು ಬಿಚ್ಚಿಕೊಂಡಿತು. ಕಾಂತೇಶ ಗೊರಗೊರ ಗಾಳಿ ಎಳೆದ. ಬಾಯಲ್ಲಿ ಏನೂ ಇರಲಿಲ್ಲ. ಬಿಳಿ ಅಂಗಿಯ ಮೇಲೆ ಮಾತ್ರ ಅಂಗೈಯಗಲದ ಕಪ್ಪು ಕಲೆ.

ಬೈಲಹೊಂಗಲದ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಪಿತ್ತ ಎಂದರು. ಕಾಂತೇಶನಿಗೆ ಆ ಮಾತು ಸಾಕಾಗಿತ್ತು. ಮರುದಿನ ಸವದತ್ತಿಯ ಕಡೆಯಿಂದ ಧಾರವಾಡಕ್ಕೆ ಹೊರಟ. ತಾಲ್ಲೂಕಿನ ಗಡಿ ಇನ್ನೂ ಮುಂದಿತ್ತು. ಮಣ್ಣು ಅಷ್ಟರಲ್ಲೇ ಬಂತು. ಮೂರನೆಯ ದಿನ ರಾಮದುರ್ಗ ದಾಟಿ ಬಾದಾಮಿಯ ದಾರಿ ಹಿಡಿಯಬೇಕೆಂದುಕೊಂಡ. ರಾಮದುರ್ಗದ ಬಸ್‌ಸ್ಟ್ಯಾಂಡೇ ಕಾಣಿಸಲಿಲ್ಲ, ಬಾಯಿ ತುಂಬಿತು. ಅವತ್ತು ಸಂಜೆ ಬುರಾನಸಾಬ ಮೆಲ್ಲಗೆ ಹೇಳಿದ.

“ಮುದುಕಿ ಕಟ್ಟಿದ ಗೆರಿ ಒಳಗ ಸರಿಯಾಕತ್ತೈತ್ರಿ ಸಾವಕಾರ್ರ. ನೀವು ದಾಟಾಕ ಹೋದಾಗೊಮ್ಮೆ ಸರೀತೈತಿ. ಇನ್ನ ಸುಮ್ಮಕಿರ್ರಿ.”

ಕಾಂತೇಶ ಹಳ್ಳದಕೊಪ್ಪಕ್ಕೆ ಹೋದ. ಶಟ್ಟೆವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

“ಬಿಚ್ಚವ್ವಾ,” ಎಂದ. ಆಜ್ಞೆ ಮಾಡಲೆಂದು ಬಂದವನ ದನಿ ಬೇಡುವ ದನಿಯಾಗಿತ್ತು.

“ಕಟ್ಟೂ ಮಂತ್ರಾ ನನ್ನ ಹಂತ್ಯಾಕ ಐತಿ. ಬಿಚ್ಚೂದು ನನ್ನ ಗಂಡಗೂ ಗೊತ್ತಿರಲಿಲ್ಲ. ನೀ ಏನಂದೀಯೋ ಅದನ್ನ ಮಣ್ಣು ಹಿಡಕೊಂಡೈತಿ.”

“ಸೇತುವೆ ಕಟ್ಟಸತೇನಿ. ನನ್ನ ಸ್ವಂತ ಖರ್ಚಿನ್ಯಾಗ.”

“ಕಟ್ಟಸು. ಮಂದಿ ಬದುಕತಾರ.” ಮುದುಕಿ ಮೊರದಿಂದ ಕಣ್ಣೆತ್ತಲಿಲ್ಲ. “ಆದ್ರ ನೀ ಸೇತುವೆ ಕಟ್ಟಸತೇನಿ ಅಂತ ಮಣ್ಣು ತಿಂದಿಲ್ಲ. ಬಿಟ್ಟು ಹೋಗೂದಿಲ್ಲ ಅಂತ ತಿಂದಿ.”

ನಾಲ್ಕು ತಿಂಗಳಲ್ಲಿ ಸೇತುವೆ ಎದ್ದಿತು. ಅದರ ಮೇಲೆ ಮೊದಲು ನಡೆದವಳು ಒಬ್ಬ ತುಂಬುಗರ್ಭಿಣಿ. ಊರವರು ಕಾಂತೇಶನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬೇರೆ ಊರುಗಳಲ್ಲೂ ಅವನ ಹೆಸರು ಹಬ್ಬಿತು. ಕರೆದ ಗಳಿಗೆಗೆ ಬಾಗಿಲಿಗೆ ಬರುವ ಶಾಸಕ, ಸತ್ತ ಮನೆಗೂ ಸಾಲೆಗೂ ಸಂತೆಗೂ ಬರುವ ಶಾಸಕ, ರಾಜಧಾನಿಯ ರುಚಿ ಹತ್ತದ ಶಾಸಕ. ಕಾಂತೇಶ ಆ ಹೊಗಳಿಕೆಯನ್ನು ಕೈಮುಗಿದು ಕೇಳುತ್ತಿದ್ದ. ಒಳಗೆ ಅವನಿಗೆ ಬೋನಿನೊಳಗಿನ ಪ್ರಾಣಿಗೆ ಹಸಿರು ಹುಲ್ಲು ಹಾಕಿದಂತೆ ಅನಿಸುತ್ತಿತ್ತು. ವಿಧಾನಸಭೆಗೆ ಅನಾರೋಗ್ಯದ ಪತ್ರಗಳು ಹೋದವು. ಅವನ ಜೊತೆಗೇ ಗೆದ್ದವರು ಟೀವಿಯಲ್ಲಿ ಕೈ ಎತ್ತಿ ಮಾತಾಡುವುದನ್ನು ನೋಡುತ್ತ, ತನ್ನ ಬಾಯಿಪಾಠದ ಭಾಷಣವನ್ನು ಗೋಡೆಗೆ ಒಪ್ಪಿಸುತ್ತಿದ್ದ.

ಉಮಾಶ್ರೀ ಇದ್ಯಾವುದನ್ನೂ ನಂಬಲಿಲ್ಲ. ಅವಳು ಅವನದೇ ಮಗಳು.

“ಅಪ್ಪಾ, ಇದು ಗಂಟಲದ ರೋಗ ಇಲ್ಲಾ ಮನಸಿನ ರೋಗ. ಪುಣೆದಾಗ ದೊಡ್ಡ ಡಾಕ್ಟರ್ ಅದಾರ. ನಿನಗ ಎಚ್ಚರ ಇದ್ರ ತಾನ ಹೆದರಿಕಿ? ನಿದ್ದಿ ಇಂಜೆಕ್ಷನ್ ಕೊಡಿಸಿ ಕರಕೊಂಡು ಹೋಗತೇನಿ.”

ಬುರಾನಸಾಬ ಬೇಡವೆಂದು ತಲೆಯಾಡಿಸಿದ. ಕಾಂತೇಶ ಒಪ್ಪಿದ. ಆಸೆ ಅಷ್ಟಿತ್ತು.

ಆಂಬುಲೆನ್ಸು ಬೈಲಹೊಂಗಲ ಬಿಟ್ಟು ಬೆಳಗಾವಿಯ ದಾರಿ ಹಿಡಿದಾಗ ಹೊತ್ತು ಏರುತ್ತಿತ್ತು. ಉಮಾಶ್ರೀ ಅಪ್ಪನ ಕೈ ಹಿಡಿದು ಕೂತಿದ್ದಳು. ಬುರಾನಸಾಬ ಕಾರಿನಲ್ಲಿ ಹಿಂದೆಯೇ ಇದ್ದ. ಊರು ಹಿಂದೆ ಬಿದ್ದು ಎರಡು ಮೈಲಿ ಆಗಿರಲಿಲ್ಲ, ಸ್ಪಿರಿಟ್ಟಿನ ವಾಸನೆಯ ಆ ಡಬ್ಬಿಯೊಳಗೆ ನೆಂದ ಮಣ್ಣಿನ ವಾಸನೆ ಹೊಕ್ಕಿತು. ನಿದ್ದೆಯಲ್ಲಿದ್ದವನ ತುಟಿ ತಾನಾಗಿ ತೆರೆಯಿತು. ನಡುವೆ ಕಪ್ಪಗೆ ಏನೋ ಕಂಡಿತು. ಉಮಾಶ್ರೀ ಬಾಗಿ ನೋಡಿದಳು. ಮಣ್ಣು. ಅದು ಬೆಳೆಯುತ್ತಿತ್ತು.

ಅವಳು ಚೀರಿ ಬೆರಳು ಹಾಕಿ ತೋಡಿದಳು. ತೋಡಿದಷ್ಟೂ ಬಂತು. ಉಗುರಿನ ಸಂದಿಗೆ ಬೇರಿನ ಎಳೆ ಸಿಕ್ಕಿತು. ಅಪ್ಪನ ಕಣ್ಣುಗಳು ತೆರೆದವು, ಬಿಳಿಗುಡ್ಡೆ ಮೇಲಾಯಿತು. “ತಿರಗಸ್ರಿ! ಹೊಳ್ಳಿ ತಿರಗಸ್ರಿ!”

ಗಾಡಿ ತಿರುಗಿತು. ಬೈಲಹೊಂಗಲಕ್ಕೆ ಬಂತು. ಮಣ್ಣು ನಿಲ್ಲಲಿಲ್ಲ. ಗಾಡಿ ಮನೆಯ ಮುಂದೆ ನಿಂತಿತು, ಮಣ್ಣು ನಿಲ್ಲಲಿಲ್ಲ. ಬುರಾನಸಾಬ ಕಾರಿನಿಂದ ಹಾರಿ ಬಂದು ಕೂಗಿದ.

“ಇಲ್ಲಿ ನಿಂದರಬ್ಯಾಡ್ರಿ! ಗೆರಿ ಒಳಗ ಹೋಗೈತಿ! ಮುದುಕಿ ಊರಿಗೆ ಹೊಡೀರಿ!”

ಗಾಡಿ ಮುರಗೋಡ ದಾಟಿತು. ಯರಗಟ್ಟಿ ದಾಟಿತು. ಉಮಾಶ್ರೀಯ ಒಂದು ಬೆರಳು ಅಪ್ಪನ ಬಾಯಲ್ಲಿ, ಒಂದು ಕೈ ಎದೆಯ ಮೇಲೆ. ತೋಡಬೇಕು, ಒಂದು ಉಸಿರು ಎಳೆಸಬೇಕು, ಮತ್ತೆ ತೋಡಬೇಕು. ಸಿರಸಂಗಿ ದಾಟಿತು. ಅಪ್ಪನ ತುಟಿ ನೀಲಿಯಾಯಿತು. ಹೊಸ ಸೇತುವೆ ಬಂತು. ಗಾಡಿ ಎಗರಿತು. ಓಣಿ. ನಾಯಿಗಳ ಕೂಗು. ಬುರಾನಸಾಬ ಮತ್ತು ಆಂಬುಲೆನ್ಸಿನವನು ಸ್ಟ್ರೆಚರು ಎಳೆದರು. ಶಟ್ಟೆವ್ವನ ಮೋಟುಗೋಡೆ ದಾಟಿ ಅಂಗಳದ ನಡುವೆ ಇಳಿಸಿದರು.

ಕಾಂತೇಶ ಉಸಿರಾಡಿದ.

ಅವತ್ತಿನಿಂದ ಅವನು ಆ ಅಂಗಳ ಬಿಟ್ಟು ಹೊರಡಲಿಲ್ಲ. ಶಟ್ಟೆವ್ವನ ದನದ ಕೊಟ್ಟಿಗೆಯ ಪಕ್ಕದ ಕೋಣೆ ಶಾಸಕರ ಕಚೇರಿಯಾಯಿತು. ಕಿಟಕಿಯಿಲ್ಲದ ಕೋಣೆ. ಗಂಜಳದ ಘಾಟು, ಮುಗ್ಗಿದ ಕಣಿಕೆಯ ವಾಸನೆ, ಒಲೆಯ ಹೊಗೆ. ಹಗಲಲ್ಲೂ ಬಾಗಿಲು ಮುಂದಕ್ಕೆ ಎಳೆದರೆ ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಜನ ಅಂಗಳದಲ್ಲಿ ಸಾಲಾಗಿ ಕೂತು ಅರ್ಜಿ ಕೊಡುತ್ತಿದ್ದರು. ಬಡವರ ನಡುವೆ ಬದುಕುವ ಶಾಸಕನೆಂದು ಪತ್ರಿಕೆಗಳು ಚಿತ್ರ ಹಾಕಿದವು. ಚಿತ್ರ ತೆಗೆಯುವಾಗ ಅವನು ನಗುತ್ತಿದ್ದ. ಅವರು ಗೋಡೆ ದಾಟಿ ಹೋಗುವುದನ್ನು, ಅಷ್ಟು ಸಲೀಸಾಗಿ ಕಾಲೆತ್ತಿ ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದ.

ಒಂದು ಸಂಜೆ ಶಟ್ಟೆವ್ವ ರೊಟ್ಟಿ ಇಟ್ಟು ಎದುರಿಗೆ ಕೂತಳು. ಮಗಳ ಸಾವಿನಿಂದ ಗಟ್ಟಿಯಾಗಿದ್ದ ಮುಖ ಈಚೆಗೆ ಇವನನ್ನು ನೋಡಿ ನೋಡಿ ಸಡಿಲಿತ್ತು.

“ಬಿಚ್ಚಾಕ ಬರೂದಿಲ್ಲ. ಹೊರೆ ಬದಲಸಾಕ ಬರತೈತಿ. ನಿನ್ನ ರಗತದವರು ತಾವಾಗಿ ನಿನ್ನ ಕೈಯಾಗಿನ ಮಣ್ಣು ತಿಂದು, ನಿನ್ನ ಬದಲಿ ನಾ ಇರತೇನಿ ಅನಬೇಕು. ನೀ ಹೊಳ್ಳಿ ಈ ಅಂಗಳದಾಗ ಕಾಲಿಟ್ರ ಅದು ಮತ್ತ ನಿನ್ನ ಮ್ಯಾಲ ಬರತೈತಿ, ಅವರು ಪಾರಾಗತಾರ. ಕೇಳಬಾರದಿತ್ತು ನೀ. ನಾನೂ ಹೇಳಬಾರದಿತ್ತು.”

“ಥೂ! ಇರೂದು ಒಬ್ಬ ಮಗಳು,” ಎಂದ ಕಾಂತೇಶ. ಅವನು ಆ ಹೊತ್ತಿಗೆ ಮನಸಾರೆ ಹಾಗೆಂದ. ಆದರೆ ಅಪ್ಪನಿಗೆ ಊಟ ತಂದಿದ್ದ ಉಮಾಶ್ರೀ ಕೊಟ್ಟಿಗೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

ಫೆಬ್ರವರಿಯಲ್ಲಿ ಸಂಪುಟ ಬದಲಾಯಿತು. ನಿಜಗುಣಪ್ಪ ಸೇತುವೆಯ ಮೇಲಿಂದ ಓಡುತ್ತಲೇ ಬಂದ.

“ಸಾಹೇಬ್ರ, ಪೇಪರ್ನ್ಯಾಗ ನಿಮ್ಮ ಚಿತ್ರಾ ನೋಡಿ ಮ್ಯಾಲಿನವರು ಮೆಚ್ಚ್ಯಾರ, ನಿಮ್ಮ ಹೆಸರು ಪಟ್ಟಿಯಾಗ ಐತಿ! ಮಂತ್ರಿ ನೀವು! ಸೋಮವಾರ ಪ್ರಮಾಣವಚನ. ಬರಲಿಲ್ಲಂದ್ರ ಬ್ಯಾರೆಯವರಿಗೆ ಕೊಡತಾರಂತ.”

ಕಾಂತೇಶ ಎದ್ದ. ಏನನ್ನೂ ಯೋಚಿಸದೆ ಮೋಟುಗೋಡೆಯ ಮೇಲೆ ಕಾಲಿಟ್ಟ. ದಾಟಿದ. ಮಣ್ಣು ಸುರುವಾಯಿತು. ಹಲ್ಲು ಕಚ್ಚಿ ನಡೆದ. ಹತ್ತು ಹೆಜ್ಜೆ. ಹನ್ನೆರಡು. ಮೂಗಿನಿಂದಲೂ ಮಣ್ಣು ಇಳಿಯಿತು. ಬಿದ್ದ. ನಿಜಗುಣಪ್ಪನೂ ಬುರಾನಸಾಬನೂ ಎಳೆದು ತಂದು ಅಂಗಳದಲ್ಲಿ ಮಲಗಿಸಿದರು. ಉಸಿರು ಬರಲಿಲ್ಲ. ಕೋಣೆಗೆ ಎಳೆದರು. ಬರಲಿಲ್ಲ. ಮೂಲೆಯಲ್ಲಿದ್ದ ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿದಾಗ ಬಂತು.

ಈಗ ಅವನ ಸೀಮೆ ಆ ಹೊರಸು. ಕಾಲು ಕೆಳಗೆ ಇಳಿಬಿಟ್ಟರೆ ನಾಲಗೆ ಕರಕರ ಎನ್ನುತ್ತಿತ್ತು. ಮಗ್ಗುಲಾದರೆ ಗೋಡೆ. ಈಚೆ ಮಗ್ಗುಲಾದರೆ ಕತ್ತಲೆ. ಗೋಡೆಯ ಆಚೆ ಎಮ್ಮೆ ಮೆಲುಕು ಹಾಕುವ ಸದ್ದು, ಹಗ್ಗ ಉಜ್ಜುವ ಸದ್ದು. ನಾಳೆ ಇದೂ ಕುಗ್ಗಿದರೆ? ಒಂದು ಗೇಣು? ಎರಡು ಬೆರಳು? ಸರಿಯುವುದಕ್ಕೆ ಇನ್ನು ಎಲ್ಲಿದೆ ಜಾಗ?

ಭಾನುವಾರ ಬೆಳಿಗ್ಗೆ ಉಮಾಶ್ರೀ ಬಂದಳು. ಬಾಗಿಲು ಮುಚ್ಚಿ ಹೊರಸಿನ ಬದಿಗೆ ಕೂತಳು. ಸಣ್ಣ ಕಂದೀಲು ಹೊಗೆಯಾಡುತ್ತಿತ್ತು. ಅವಳ ಮುಷ್ಟಿಯಲ್ಲಿ ಏನೋ ಇತ್ತು.

“ಅಪ್ಪಾ, ನಾ ಇರತೇನಿ. ನೀ ಹೋಗಿ ಬಾ.”

“ಬ್ಯಾಡ.”

“ನನಗ ಅಂಗಳ ಪೂರ್ತಿ ಸಿಗತೈತಂತ, ಶಟ್ಟೆವ್ವ ಹೇಳಿದಳು. ನಾ ದಾಟಾಕ ಹೋಗೂದಿಲ್ಲ, ಅದು ಸರಿಯೂದಿಲ್ಲ. ಹಿಂಗ ಬಿಟ್ರ ನೀ ಈ ವಾರ ಉಳಿಯೂದಿಲ್ಲ ಅಪ್ಪಾ. ಪ್ರಮಾಣವಚನ ತಗೋ. ಮೂರು ದಿನ. ಹೊಳ್ಳಿ ಬಂದು ಅಂಗಳದಾಗ ಕಾಲಿಡು. ಆಮ್ಯಾಲೆ ಇಬ್ಬರೂ ಕೂತು ಏನರ ದಾರಿ ಹುಡುಕೂನು.”

“ಬ್ಯಾಡವ್ವಾ. ಬ್ಯಾಡ.”

ಅವಳು ಮುಷ್ಟಿ ಬಿಚ್ಚಿದಳು. ಅವನ ಬಾಯಿ ಇನ್ನೂ ಬೇಡ ಅನ್ನುತ್ತಿತ್ತು. ಕೈ ಮಣ್ಣಿಗೆ ಹೋಗಿತ್ತು.

ಕಾಂತೇಶ ತನ್ನ ಬೆರಳುಗಳನ್ನು ನೋಡಿದ. ಅವು ಚಿಟಿಕೆ ಹಿಡಿದಿದ್ದವು. ಅವು ಮೇಲೆದ್ದವು. ಮಗಳು ಬಾಯಿ ತೆರೆದಳು, ಚಿಕ್ಕಂದಿನಲ್ಲಿ ತುತ್ತಿಗೆ ತೆರೆದಂತೆ. ಕೈ ಹಿಂದೆಳೆಯಬೇಕು. ಈಗ ಎಳೆಯಬೇಕು. ಇನ್ನೂ ಹೊತ್ತಿದೆ. ಅವಳ ನಾಲಗೆಯ ಬಿಸಿ ಬೆರಳ ತುದಿಗೆ ತಾಗಿತು.

“ನಿನ್ನ ಬದಲಿ ನಾ ಇರತೇನಿ,” ಎಂದು ನುಂಗಿದಳು. ಅಗಳಿ ಎಳೆದ ಸದ್ದಾಯಿತು. ಈ ಸಲ ತೀರ ಹತ್ತಿರದಲ್ಲಿ.

ಕಾಂತೇಶ ಕಾಲು ಕೆಳಗಿಟ್ಟ. ನಾಲಗೆ ಸುಮ್ಮನಿತ್ತು. ಬಾಗಿಲು ತೆರೆದ. ಬಿಸಿಲು. ಅಂಗಳ ದಾಟಿದ, ಗೋಡೆ ದಾಟಿದ, ಓಡಿದ. ಸೇತುವೆಯ ಆಚೆ ಹೋಗಿ ನಿಂತಾಗ ಮಗಳಿಗೆ ಹೋಗಿಬರುತ್ತೇನೆಂದು ಹೇಳುವುದನ್ನು ಮರೆತದ್ದು ನೆನಪಾಯಿತು. ಹಿಂದಿರುಗಿ ಹೋಗಲು ಧೈರ್ಯ ಬರಲಿಲ್ಲ. ಫೋನು ಮಾಡಿದ.

“ಮೂರು ದಿನ, ಉಮಾ.”

“ಹೂಂ ಅಪ್ಪಾ.”

ಸೋಮವಾರ ಮಂತ್ರಿಯಾದ. ಮಂಗಳವಾರ ಸನ್ಮಾನ. ಬುಧವಾರ ಹೊರಡಬೇಕು, ಇಲಾಖೆಯ ಸಭೆ ಬಂತು. ನಂತರ ಬಜೆಟ್ಟು. ಎದ್ದು ನಿಂತು ಮಾತಾಡಿದಾಗ ಸದನ ಮೇಜು ತಟ್ಟಿತು. ಆ ಸದ್ದಿನ ಸುಖದಲ್ಲಿ ಅವನು ಒಂದು ವಾರ ನಿದ್ದೆಮಾಡಿದ. ದಿನಾ ಸಂಜೆ ಫೋನಿನಲ್ಲಿ ಮಗಳ ದನಿ. ಮೊದಲು ಯಾವಾಗ ಬರತಿ ಎಂದು ಕೇಳುತ್ತಿದ್ದಳು. ಹತ್ತನೆಯ ದಿನದ ಮೇಲೆ ಊಟ ಆಯಿತೇನು ಎಂದಷ್ಟೇ ಕೇಳುತ್ತಿದ್ದಳು. ಕೊಯಮತ್ತೂರಿನಲ್ಲಿ ಅವಳು ಮುಂಗಡ ಕೊಟ್ಟು ಬಂದಿದ್ದ ಮಷೀನನ್ನು ನೋಡಿ ಒಪ್ಪಿಕೊಳ್ಳಲು ಯಾರೂ ಹೋಗದೆ ಅದು ಬೇರೆಯವರ ಪಾಲಾಯಿತು.

ಇಪ್ಪತ್ತಾರನೆಯ ದಿನ ಕಾಂತೇಶ ಬಂದ. ಒಳಗೆ ಕಾಲಿಡಬೇಕೆಂದೇ ಬಂದ. ಅದು ಸುಳ್ಳಲ್ಲ. ಬೆಂಗಾವಲು ಗಾಡಿಗಳನ್ನು ಸಿರಸಂಗಿಯಲ್ಲಿ ಬಿಟ್ಟು, ಬುರಾನಸಾಬನೊಬ್ಬನನ್ನೇ ಕರೆದುಕೊಂಡು ಹಳ್ಳದಕೊಪ್ಪದ ದಾರಿ ಹಿಡಿದ. ಮುಂದಿನ ಸೀಟಿನಲ್ಲಿ ಬುರಾನಸಾಬನ ಹೆಂಡತಿ ಅನ್ವರಬಿ ಉಮಾಶ್ರೀಗೆಂದು ಕಟ್ಟಿಕೊಟ್ಟ ಬುತ್ತಿ ಇತ್ತು. ಕಾರು ಸೇತುವೆಯ ನಡುವೆ ಬಂದಾಗ ಕಾಂತೇಶ ನಿಲ್ಲಿಸು ಎಂದ.

ಅಲ್ಲಿಂದ ಅಂಗಳ ಕಾಣುತ್ತಿತ್ತು. ನಲವತ್ತು ಹೆಜ್ಜೆ. ಮೋಟುಗೋಡೆಯ ಹಿಂದೆ ಉಮಾಶ್ರೀ ನಿಂತಿದ್ದಳು. ಸೊರಗಿದ್ದಳು. ಕಾರನ್ನು ಗುರುತಿಸಿ ಕೈ ಎತ್ತಿದಳು.

ಕಾಂತೇಶ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟ. ಗಾಳಿ ಬೀಸಿತು. ಎರೆಮಣ್ಣಿನ ವಾಸನೆ. ಎಲ್ಲ ಹೊಲದಿಂದಲೂ ಬರುವಂಥದೇ ವಾಸನೆ. ಹೊರಸು ಕಣ್ಣಮುಂದೆ ಬಂತು. ಆ ಗೋಡೆ. ಆ ಕತ್ತಲೆ. ಎಮ್ಮೆಯ ಮೆಲುಕು. ಕಾಲು ಒಳಗೆ ಬಂತು. ಬಾಗಿಲು ಮುಚ್ಚಿತು.

“ತಿರಗಸು.”

ಬುರಾನಸಾಬ ಅಲ್ಲಾಡಲಿಲ್ಲ.

“ಬುರಾನಸಾಬ, ತಿರಗಸು ಅಂದ್ನಿ. ಮುಂದಿನ ವಾರ ಬರೂನು.”

ಬುರಾನಸಾಬ ಗಾಡಿ ಬಂದ್ ಮಾಡಿದ. ಕೀಲಿ ತೆಗೆದು ಹಿಂದಿನ ಸೀಟಿನ ಮೇಲೆ, ಮಂತ್ರಿಯ ತೊಡೆಯ ಪಕ್ಕಕ್ಕೆ ಇಟ್ಟ. ಬುತ್ತಿ ಎತ್ತಿಕೊಂಡು ಕೆಳಗಿಳಿದ.

“ಉಮಕ್ಕಗ ಊಟಾ ಕೊಡಬೇಕ್ರಿ.”

“ಯಾವಾಗ ಬರತಿ?”

“ನಾ ಬರೂದಿಲ್ರಿ,” ಎಂದು ಅವನು ಊರಿನ ಕಡೆ ನಡೆದ. ಹಿಂದಿರುಗಿ ನೋಡಲಿಲ್ಲ.

ಕಾಂತೇಶ ಮುಂದಿನ ಸೀಟಿಗೆ ದಾಟಿದ. ಕೀಲಿ ಹಾಕಿ ತಿರುವಿದ. ಸೇತುವೆ ಇಕ್ಕಟ್ಟು. ಕಾರನ್ನು ಹಿಂದೆ ತಂದ, ಮುಂದೆ ಒಯ್ದ, ಮತ್ತೆ ಹಿಂದೆ ತಂದ. ಅಷ್ಟೂ ಹೊತ್ತು ಉಮಾಶ್ರೀ ಎತ್ತಿದ ಕೈಯನ್ನು ಇಳಿಸಲಿಲ್ಲ. ಅಪ್ಪ ಗಾಡಿ ನಿಲ್ಲಿಸಲು ಜಾಗ ಮಾಡಿಕೊಳ್ಳುತ್ತಿದ್ದಾನೆಂದು ಅವಳು ತಿಳಿದಿದ್ದಳು.